‘ಇನ್’ ಎಂಬ ಉಪಸರ್ಗ

ಹೋದ ತಿಂಗಳು ಒಂದು ಸಾಯಂಕಾಲ ನಾವು ಜಗುಲಿಯ ಮೇಲೆ ಅಡಕತ್ತರಿ ಹಿಡಿದು ಕುಳಿತಿದ್ದಾಗ, ನೆರೆಮನೆಯ ಹುಡುಗಿ ತನ್ನ ಇಂಗ್ಲೀಷು ಪುಸ್ತಕವನ್ನು ಎದೆಗವಚಿಕೊಂಡು ಬಂದಳು. ಏಳನೆಯ ತರಗತಿಯಲ್ಲಿ ಓದುತ್ತಿರುವ ಮಗು. ನಮ್ಮನ್ನು ‘ಮೇಷ್ಟ್ರಜ್ಜ’ ಎಂದು ಕರೆಯುತ್ತಾಳೆ. ಕೆಲಸದಿಂದ ನಿವೃತ್ತರಾದರೂ ಆ ಬಿರುದಿನಿಂದ ನಮಗೆ ನಿವೃತ್ತಿ ದೊರೆತಿಲ್ಲ. ‘ಇನ್’ ಎಂದು ಆರಂಭವಾಗುವ ಹದಿನೈದು ಶಬ್ದಗಳನ್ನು ಆಕೆಯ ಉಪಾಧ್ಯಾಯಿನಿಯವರು ಬರೆಯಿಸಿ, ಪ್ರತಿಯೊಂದಕ್ಕೂ ಅರ್ಥವನ್ನು ತಿಳಿದು ಸ್ವಂತ ವಾಕ್ಯದಲ್ಲಿ ಪ್ರಯೋಗಿಸಿಕೊಂಡು ಬರಬೇಕೆಂದು ಹೇಳಿದ್ದರಂತೆ.

“ಅಜ್ಜ, ಇನ್ ಅಂದರೆ ‘ಅಲ್ಲ’ ಅಂತ ಅಲ್ಲವಾ? ಎಲ್ಲಕ್ಕೂ ‘ಅಲ್ಲ’ ಸೇರಿಸಿ ಬರೆದುಬಿಡಲಾ?” ಎಂದಳು.

ನಾವು ಅಡಕತ್ತರಿಯನ್ನು ಕೆಳಗಿಟ್ಟೆವು. ಮೂವತ್ತು ವರ್ಷಗಳಿಗೂ ಹಿಂದೆಯಾಗಿದ್ದರೆ ಈ ಪ್ರಶ್ನೆಗೆ ತಲೆಯೆತ್ತದೆಯೇ ‘ಹೌದು, ಬರೆ’ ಎಂದುಬಿಡುತ್ತಿದ್ದೆವು. ಹಾಗೆ ಅಂದುಬಿಟ್ಟ ಒಂದು ಸಂದರ್ಭವೂ ಉಂಟು. ಅದನ್ನು ಇದುವರೆಗೆ ಇಬ್ಬರಿಗಲ್ಲದೆ ಬೇರೆ ಯಾರಿಗೂ ಹೇಳಿರಲಿಲ್ಲ. ಈಗ ವಾಚಕರಲ್ಲಿ ಅರಿಕೆಮಾಡಿಕೊಳ್ಳುತ್ತಿದ್ದೇವೆ.

ನಮ್ಮ ವಿದ್ಯೆ ಸಂಸ್ಕೃತದ್ದು. ಬಾಲ್ಯದಲ್ಲಿ ಪಾಠಶಾಲೆ, ಶಬ್ದರೂಪ, ಧಾತುರೂಪ, ಅಮರ, ಆಮೇಲೆ ಕೌಮುದಿ. ಪದವಿಯೂ ಉಪಾಧ್ಯಾಯ ಶಿಕ್ಷಣವೂ ಮುಗಿದ ಮೇಲೆ 1990ರಲ್ಲಿ ಮಲೆನಾಡಿನ ಒಂದು ಸಣ್ಣ ಊರಿನ ಅನುದಾನಿತ ಪ್ರೌಢಶಾಲೆಗೆ ಸಂಸ್ಕೃತದ ಅಧ್ಯಾಪಕರಾಗಿ ಹೋದೆವು. ಹೋದ ಮೂರನೆಯ ತಿಂಗಳಲ್ಲಿಯೇ ಇಂಗ್ಲೀಷಿನ ಉಪಾಧ್ಯಾಯರು ವರ್ಗವಾಗಿ ಹೊರಟುಹೋದರು. ಆ ಸ್ಥಾನಕ್ಕೆ ಬೇರೊಬ್ಬರು ಬರುವವರೆಗೆ ಪಾಠವನ್ನು ನೀವೇ ನಡೆಯಿಸಬೇಕೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದರು. ಬೇರೊಬ್ಬರು ಬರುವುದಕ್ಕೆ ನಾಲ್ಕು ವರ್ಷ ಹಿಡಿಯಿತು.

ಇಂಗ್ಲೀಷನ್ನು ನಾವು ವ್ಯಾಕರಣದ ಬಾಗಿಲಿನಿಂದಲೇ ಪ್ರವೇಶಿಸಿದೆವು. ನಮಗೆ ಬೇರೆ ಬಾಗಿಲು ತಿಳಿದಿರಲಿಲ್ಲ. ಒಳಗೆ ಹೋಗಿ ನೋಡಿದರೆ ಎಲ್ಲೆಲ್ಲಿಯೂ ಪರಿಚಿತರ ಮುಖವೇ! ‘ಕರೆಕ್ಟ್’ ಎಂದರೆ ಸರಿ, ‘ಇನ್‌ಕರೆಕ್ಟ್’ ಎಂದರೆ ಸರಿಯಲ್ಲದ್ದು. ಇದು ನಮ್ಮ ನಞ್ ಅಲ್ಲದೆ ಮತ್ತೇನು? ಧರ್ಮ ಅಧರ್ಮ, ಉಚಿತ ಅನುಚಿತ ಎಂಬಲ್ಲಿರುವ ಅಕಾರವೂ ಅನ್ ಎಂಬುದೂ ಲ್ಯಾಟಿನ್ನಿನ ‘ಇನ್’ ಎಂಬುದೂ ಗ್ರೀಕಿನ ‘ಅನ್’ ಎಂಬುದೂ ಇಂಗ್ಲೀಷಿನದೇ ಆದ ‘ಅನ್’ ಎಂಬುದೂ ಒಂದೇ ತಾಯಿಯ ಮಕ್ಕಳೆಂದು ಭಾಷಾಶಾಸ್ತ್ರಜ್ಞರು ಎಂದೋ ಸಾಧಿಸಿಟ್ಟಿದ್ದಾರೆ. ಅಷ್ಟೇ ಅಲ್ಲ. ‘ಪಾಸಿಬಲ್’ ಎಂಬುದರ ಮುಂದೆ ಈ ‘ಇನ್’ ಬಂದರೆ ‘ಇಂಪಾಸಿಬಲ್’ ಆಗುತ್ತದೆ. ‘ಲೀಗಲ್’ ಎಂಬುದರ ಮುಂದೆ ಬಂದರೆ ‘ಇಲ್ಲೀಗಲ್’ ಆಗುತ್ತದೆ. ಪವರ್ಗ ಪರವಾದರೆ ಮಕಾರ, ಲಕಾರ ಪರವಾದರೆ ಲಕಾರ! ‘ಸಂ’ ಎಂಬುದರ ಮುಂದೆ ‘ಪದ’ ಬಂದು ‘ಸಂಪದ’ವೂ, ‘ತತ್’ ಎಂಬುದರ ಮುಂದೆ ‘ಲೀನ’ ಬಂದು ‘ತಲ್ಲೀನ’ವೂ ಆದುದನ್ನು ಬಾಲ್ಯದಿಂದ ಕಂಡವರಿಗೆ ಇದಕ್ಕಿಂತ ಸಂತೋಷ ಬೇರೆ ಬೇಕೆ? ಕಪ್ಪು ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಇನ್ = ಅ’ ಎಂದು ಬರೆದು, ಅದನ್ನು ಒಂದು ವಾರದವರೆಗೆ ಅಳಿಸಬಾರದೆಂದು ಹುಡುಗರಿಗೆ ಕಟ್ಟಪ್ಪಣೆ ಮಾಡಿದೆವು.

ಹುಡುಗರು ಸುಮ್ಮನಿರುವವರಲ್ಲ. ಎರಡನೆಯ ದಿನವೇ ಹಿಂದಿನ ಬೆಂಚಿನವನೊಬ್ಬನು ಎದ್ದು, “ಹಾಗಾದರೆ ಇನ್‌ಕಂ ಅಂದರೆ ಬಾರದೆ ಇರುವುದೇ, ಸಾರ್?” ಎಂದು ಕೇಳಿದನು. ನಮ್ಮ ಶಾಲೆಯಲ್ಲಿ ಸಂಬಳದ ಅನುದಾನವು ಎರಡು ತಿಂಗಳಿಂದ ಬಂದಿರಲಿಲ್ಲವಾದುದರಿಂದ ಆ ಅರ್ಥವನ್ನು ಅಲ್ಲಗಳೆಯುವುದು ನಮಗೂ ಕಷ್ಟವಾಯಿತು. ಮುಖ್ಯೋಪಾಧ್ಯಾಯರು ರಜೆಯ ಮೇಲೆ ಹೋದಾಗ ಹಿರಿಯ ಉಪಾಧ್ಯಾಯರೊಬ್ಬರು ‘ಇನ್‌ಚಾರ್ಜ್’ ಆಗಿದ್ದರು. ಅವರಿಗೂ ಹುಡುಗರು ಇದೇ ಸೂತ್ರವನ್ನು ಅನ್ವಯಿಸಿ ನಕ್ಕರೆಂದು ಕೇಳಿದೆವು. ಇವೆಲ್ಲ ಒಳಗೆ ಎಂಬ ಅರ್ಥದ ‘ಇನ್’. ಅದು ಬೇರೆ, ಇದು ಬೇರೆ ಎಂದು ಹೇಳಿ ಮುಂದಿನ ಪಾಠಕ್ಕೆ ಹೋದೆವು. ಬೇರೆಯೆಂದು ಹೇಳಿದೆವೇ ಹೊರತು, ಎದುರಿಗೆ ಬಂದು ನಿಂತ ಒಂದು ಶಬ್ದದಲ್ಲಿ ಇರುವುದು ಯಾವುದೆಂದು ಗುರುತಿಸುವುದು ಹೇಗೆಂದು ನಾವೂ ಯೋಚಿಸಲಿಲ್ಲ, ಮಕ್ಕಳಿಗೂ ಹೇಳಲಿಲ್ಲ.

ಸಂಸ್ಕೃತ ಓದಿದವರು ಇಷ್ಟು ಅವಸರ ಪಡಬಾರದಾಗಿತ್ತು. ನಞ್ ಎಂಬುದಕ್ಕೇ ನಮ್ಮವರು ಆರು ಅರ್ಥಗಳನ್ನು ಹೇಳಿದ್ದಾರೆ: ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತ್ವ, ಅಪ್ರಾಶಸ್ತ್ಯ, ವಿರೋಧ. ‘ಅನುದರಾ’ ಎಂದರೆ ಹೊಟ್ಟೆಯೇ ಇಲ್ಲದ ಕನ್ಯೆಯಲ್ಲ, ಸಣ್ಣ ನಡುವಿನವಳು. ‘ಅನುತ್ತಮ’ ಎಂದರೆ ಉತ್ತಮವಲ್ಲದ್ದೆಂದು ತಿಳಿದು ಮುಖ ಸಿಂಡರಿಸುವವರುಂಟು. ಯಾವುದಕ್ಕಿಂತ ಉತ್ತಮವಾದುದು ಬೇರೊಂದಿಲ್ಲವೋ ಅದೇ ಅನುತ್ತಮ. ಇನ್ನು ಮನೆಮಾತಿನಲ್ಲಿಯೇ ಇರುವ ‘ಅಮೂಲ್ಯ’ವನ್ನು ನೋಡಿ. ಬೆಲೆಯಿಲ್ಲದ್ದೆಂದು ಅದನ್ನು ಯಾರೂ ಗುಡಿಸಿ ಹಾಕುವುದಿಲ್ಲ. ಇಂಗ್ಲೀಷಿನ ‘ಇನ್‌ವ್ಯಾಲ್ಯುಯೆಬಲ್’ ಎಂಬುದು ಇದರ ಜೊತೆಯದೇ. ನಾವು ನಿವೃತ್ತರಾದ ದಿನ ಆಡಳಿತ ಮಂಡಳಿಯವರು ಕೊಟ್ಟ ಮಾನಪತ್ರದಲ್ಲಿ ನಮ್ಮ ಸೇವೆಗೆ ಈ ವಿಶೇಷಣವನ್ನೇ ಹಚ್ಚಿದ್ದರು. ನಮ್ಮ ಭಾವಮೈದುನನು ಅದನ್ನು ಓದಿ, “ಏನು ಭಾವ, ಬೆಲೆಯಿಲ್ಲದ ಸೇವೆ ಎಂದು ಬರೆದಿದ್ದಾರಲ್ಲ!” ಎಂದು ಕಳವಳಪಟ್ಟನು. ಮನೆಯಾಕೆ ಒಳಗಿನಿಂದಲೇ, “ಮೂವತ್ತೈದು ವರ್ಷದ ಸಂಬಳ ನೋಡಿದವಳು ನಾನು, ಸರಿಯಾಗಿಯೇ ಬರೆದಿದ್ದಾರೆ” ಎಂದಳು.

ನಗೆಯ ಮಾತು ಅಲ್ಲಿಗಿರಲಿ.

1991ರ ಚಳಿಗಾಲದಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆಂದು ಬೆಂಚುಗಳಿಗೂ ಬಾಗಿಲುಗಳಿಗೂ ಬಣ್ಣ ಬಳಿಯುವ ಕೆಲಸ ನಡೆದಿತ್ತು. ಆ ಕೆಲಸವೆಲ್ಲ ಶಾಲೆಯ ಜವಾನನ ಮೇಲೆ ಬಿದ್ದಿತ್ತು. ನಮಗಿಂತ ಹನ್ನೆರಡು ವರ್ಷ ಹಿರಿಯ. ಏಳನೆಯ ತರಗತಿಯವರೆಗೆ ಓದಿದ್ದವನು. ಇಂಗ್ಲೀಷಿನ ಅಕ್ಷರಗಳನ್ನು ಒಂದೊಂದಾಗಿ ಗುರುತಿಸಬಲ್ಲವನಾಗಿದ್ದನು. ಆದರೂ ನಾವು ಆತನನ್ನು ಏಕವಚನದಲ್ಲಿಯೇ ಕರೆಯುತ್ತಿದ್ದೆವು. ಶಾಲೆಯ ರೂಢಿ ಹಾಗಿತ್ತು. ನಾವು ಆ ರೂಢಿಯನ್ನು ಪ್ರಶ್ನಿಸಲಿಲ್ಲ.

ಬಣ್ಣಕ್ಕೆ ಬೆರೆಯಿಸುವ ಥಿನ್ನರಿನ ಐದು ಲೀಟರಿನ ಡಬ್ಬಿಯನ್ನು ಹಿಡಿದು ಆತನು ಅಂಗಳದಲ್ಲಿ ನಿಂತು, “ಮೇಷ್ಟ್ರೇ, ಇದರ ಮೇಲೆ ಕೆಂಪಕ್ಷರದಲ್ಲಿ ಏನೋ ಬರೆದಿದ್ದಾರೆ, ಏನಂತೆ ನೋಡ್ತೀರಾ?” ಎಂದು ಕೇಳಿದನು. ನಾವು ವರಾಂಡದಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆವು. ಏಳುವುದಕ್ಕೆ ಬೇಸರವಾಗಿ, ಅಕ್ಷರಗಳನ್ನು ಓದಿ ಹೇಳೆಂದೆವು. ಆತನು “ಐ, ಎನ್, ಎಫ್, ಎಲ್, ಎ…” ಎಂದು ನಿಧಾನವಾಗಿ ಓದಿಕೊಂಡು ಹೋದನು. ಕೊನೆಯ ಅಕ್ಷರ ಮುಗಿಯುವ ಮುಂಚೆಯೇ ನಮಗೆ ಶಬ್ದವು ಸಿದ್ಧಿಸಿತು. ‘ಇನ್‌ಫ್ಲೇಮೆಬಲ್.’ ಹಿಂದೆ ಎಂದೂ ಕೇಳಿರದ ಶಬ್ದ. ಆದರೆ ಬಿಡಿಸುವುದಕ್ಕೆ ಏನು ಕಷ್ಟ? ‘ಫ್ಲೇಮ್’ ಎಂದರೆ ಜ್ವಾಲೆ; ‘ಏಬಲ್’ ಎಂದರೆ ಯೋಗ್ಯ; ‘ಇನ್’ ಎಂದರೆ ನಮ್ಮ ನಞ್. ಜ್ವಾಲೆಗೆ ಯೋಗ್ಯವಲ್ಲದ್ದು. “ಬೆಂಕಿ ಹತ್ತುವುದಿಲ್ಲ ಎಂದು ಬರೆದಿದ್ದಾರೆ” ಎಂದು ಹೇಳಿ, ವಿಗ್ರಹವಾಕ್ಯದ ಸೊಗಸಿಗೆ ನಾವೇ ಮೆಚ್ಚಿಕೊಂಡು, ಮತ್ತೆ ಕೆಂಪು ಮಸಿಯ ಲೇಖನಿಯನ್ನು ಎತ್ತಿಕೊಂಡೆವು.

ಉಪಾಧ್ಯಾಯರಿಗೆ ಕಾಫಿ ಮಾಡುವ ಮೂಲೆಯ ಕೋಣೆಯಲ್ಲಿ ಸೀಮೆಎಣ್ಣೆಯ ಸ್ಟೌವು ಇರುತ್ತಿತ್ತು. ಆತನು ಡಬ್ಬಿಯನ್ನು ಅಲ್ಲಿಯೇ ಗೋಡೆಗೆ ಒರಗಿಸಿಟ್ಟನು. ಸಂಜೆ ಸ್ಟೌವಿನ ಮೇಲೆ ನೀರಿಟ್ಟು, ಅದು ಕಾಯುವುದರೊಳಗೆ ಬಣ್ಣದ ಕುಂಚಗಳನ್ನು ತೊಳೆದುಬಿಡೋಣವೆಂದು ಡಬ್ಬಿಯ ಮುಚ್ಚಳ ತೆಗೆದು ಒಂದು ತಗಡಿನ ಬಟ್ಟಲಿಗೆ ಥಿನ್ನರನ್ನು ಸುರಿದುಕೊಂಡನು. ಥಿನ್ನರಿನ ಆವಿಯು ಗಾಳಿಗಿಂತ ಭಾರವಾದುದು; ನೆಲದ ಮೇಲೆಯೇ ಹರಿದುಕೊಂಡು ಹೋಗಿ ದೂರದ ಕಿಡಿಯನ್ನಾದರೂ ಮುಟ್ಟುತ್ತದೆಂಬುದನ್ನು ಈಗ ಬಲ್ಲೆವು. ಆಗ ಕೇಳಿಸಿದ್ದು ಒಂದು ಸಣ್ಣ ಶಬ್ದ, ಒದ್ದೆ ಬಟ್ಟೆ ಒದರಿದ ಹಾಗೆ. ಅದರ ಹಿಂದೆಯೇ ಆತನ ಕೂಗು. ಆತನು ಉರಿಯುವ ಬಟ್ಟಲನ್ನು ಬಲಗೈಯಿಂದ ಎತ್ತಿ ಹೊರಗೆ ಎಸೆದಿದ್ದನು. ಹಾಗೆ ಎಸೆಯದಿದ್ದರೆ ಡಬ್ಬಿಯೂ ಹತ್ತಿಕೊಂಡು ಕೋಣೆಯೇ ಹೋಗುತ್ತಿತ್ತು; ಪಕ್ಕದ ಕೋಣೆಯಲ್ಲಿ ಎಂಟು ಹೆಣ್ಣುಮಕ್ಕಳು ಕೋಲಾಟವನ್ನು ಅಭ್ಯಾಸಮಾಡುತ್ತಿದ್ದರು.

ಮೊಳಕೈವರೆಗೆ ಚರ್ಮ ಸುಲಿದಿತ್ತು. ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದನು. ಬಲಗೈಯ ಕೊನೆಯ ಎರಡು ಬೆರಳುಗಳು ಅಂದಿನಿಂದ ನೆಟ್ಟಗಾಗಲಿಲ್ಲ.

ಅಂದು ರಾತ್ರಿ ನಾವು ನಿಘಂಟನ್ನು ತೆಗೆದೆವು. ‘ಸುಲಭವಾಗಿ ಹೊತ್ತಿಕೊಳ್ಳತಕ್ಕದ್ದು’ ಎಂಬ ಅರ್ಥವು ಅಚ್ಚಾಗಿತ್ತು. ಒಂದು ಸಲ ಓದಿದೆವು. ಪುಸ್ತಕವನ್ನು ಮುಚ್ಚಿ ಮತ್ತೆ ತೆರೆದೆವು, ಅಷ್ಟರಲ್ಲಿ ಬದಲಾಯಿಸಿರಬಹುದೋ ಎಂಬಂತೆ. ಆ ಶಬ್ದದಲ್ಲಿ ‘ಇನ್’ ಎಂಬುದು ‘ಫ್ಲೇಮೆಬಲ್’ ಎಂಬುದಕ್ಕೆ ಅಂಟಿದ್ದಲ್ಲ. ‘ಇನ್‌ಫ್ಲೇಮ್’ ಎಂಬ ಕ್ರಿಯಾಪದವೇ ಮೊದಲು, ಒಳಗೆ ಉರಿಯನ್ನು ಹೊಗಿಸು ಎಂದು ಅದರ ಅರ್ಥ; ‘ಏಬಲ್’ ಬಂದುದು ಆಮೇಲೆ. ವೈದ್ಯರು ‘ಇನ್‌ಫ್ಲಮೇಷನ್’ ಎಂದಾಗ ನಾವು ಕನ್ನಡದಲ್ಲಿ ಉರಿಯೂತವೆನ್ನುತ್ತೇವೆಯೇ ಹೊರತು ಉರಿಯಿಲ್ಲದ್ದೆಂದು ಯಾರೂ ತಿಳಿಯುವುದಿಲ್ಲ. ಅದೇ ಶಬ್ದದ ಒಡಹುಟ್ಟು ಇದು. ಬಿಡಿಸಬೇಕಾದ ಕಡೆ ಬಿಡಿಸದೆ ಬೇರೆ ಕಡೆ ಬಿಡಿಸಿದ್ದೆವು.

ಇಂತಹದೇ ಒಂದು ತಪ್ಪಿನ ಕಥೆಯನ್ನು ನಾವು ಅದೇ ವರ್ಷ ಸಂಸ್ಕೃತದ ತರಗತಿಯಲ್ಲಿ ರಸವತ್ತಾಗಿ ಹೇಳಿದ್ದೆವು. ತ್ವಷ್ಟೃವು ಇಂದ್ರನನ್ನು ಕೊಲ್ಲತಕ್ಕ ಮಗನನ್ನು ಬಯಸಿ ಹೋಮಮಾಡುವಾಗ ‘ಇಂದ್ರಶತ್ರು’ ಎಂಬ ಶಬ್ದದ ಸ್ವರವು ತಪ್ಪಿತು. ಕೊನೆಯಲ್ಲಿ ಉದಾತ್ತವಿದ್ದರೆ ತತ್ಪುರುಷ, ಇಂದ್ರನನ್ನು ಕೊಲ್ಲುವವನು. ಮೊದಲಲ್ಲಿ ಬಂದರೆ ಬಹುವ್ರೀಹಿ, ಇಂದ್ರನೇ ಯಾರನ್ನು ಕೊಲ್ಲುವನೋ ಅವನು. ಹುಟ್ಟಿದ ವೃತ್ರನು ಇಂದ್ರನಿಂದಲೇ ಹತನಾದನು. ವ್ಯಾಕರಣವನ್ನು ಏಕೆ ಓದಬೇಕೆಂಬುದಕ್ಕೆ ಪತಂಜಲಿಯು ಮಹಾಭಾಷ್ಯದ ಮೊದಲಿನಲ್ಲಿಯೇ ಇದನ್ನು ನೆನೆಯುತ್ತಾನೆ. ಆದರೆ ಅಲ್ಲಿ ತಪ್ಪು ಉಚ್ಚರಿಸಿದವನಿಗೇ ಅದರ ಫಲ ತಟ್ಟಿತು. ನಮ್ಮ ತಪ್ಪಿಗೆ ಇನ್ನೊಬ್ಬನ ಕೈ ಬೆಂದಿತು.

ವಿಚಾರಣೆ ನಡೆಯಿತು. ಸ್ಟೌವಿನ ಬಳಿ ಅಂತಹ ಪದಾರ್ಥವನ್ನು ಏಕೆ ಇಟ್ಟೆಯೆಂದು ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಕೇಳಿದರು. ಆತನು ಕಟ್ಟು ಕಟ್ಟಿದ ಕೈಯನ್ನು ಎದೆಗೆ ಹಿಡಿದುಕೊಂಡು, “ನಂದೇ ತಪ್ಪು ಸ್ವಾಮಿ, ಗಮನ ಇರಲಿಲ್ಲ” ಎಂದನು. ನಾವು ಅದೇ ಕೊಠಡಿಯಲ್ಲಿ, ಆತನಿಂದ ನಾಲ್ಕು ಮಾರು ದೂರದಲ್ಲಿ ನಿಂತಿದ್ದೆವು. ನಾಲಗೆಯನ್ನು ಎತ್ತಲಿಲ್ಲ. ಆತನಿಗೆ ಆ ವರ್ಷದ ಇನ್‌ಕ್ರಿಮೆಂಟನ್ನು ತಡೆದರು. ಆ ‘ಇನ್’ ಯಾವುದೆಂದು ಅಂದು ನಮಗೆ ಚೆನ್ನಾಗಿ ತಿಳಿದಿತ್ತು.

ಅಂದಿನಿಂದ ಈ ಒಂದು ಶಬ್ದದ ಬೆನ್ನು ಹತ್ತಿದೆವು. ಪ್ರಾಯಶ್ಚಿತ್ತವೆಂದು ಹೇಳಿಕೊಳ್ಳುವಷ್ಟು ದೊಡ್ಡದಲ್ಲ, ಸುಮ್ಮನಿರುವುದಕ್ಕೆ ಆಗಲಿಲ್ಲ, ಅಷ್ಟೆ. ಹದಿನೇಳನೆಯ ಶತಮಾನದಿಂದಲೇ ಇಂಗ್ಲೀಷಿನಲ್ಲಿ ಬಳಕೆಯಲ್ಲಿದ್ದ ಶಬ್ದವಿದು. 1766ರಲ್ಲಿ ಹೆನ್ರಿ ಕ್ಯಾವೆಂಡಿಷನು ಲೋಹಕ್ಕೆ ಆಮ್ಲವನ್ನು ಹಾಕಿದಾಗ ಹೊರಡುವ ಒಂದು ವಾಯುವನ್ನು ಪರೀಕ್ಷಿಸಿ ವರ್ಣಿಸಿದಾಗ ಅದನ್ನು ‘ಇನ್‌ಫ್ಲೇಮೆಬಲ್ ಏರ್’ ಎಂದೇ ಕರೆದನು, ಹತ್ತಿಕೊಳ್ಳುವ ಗಾಳಿ. ಅದಕ್ಕೆ ಆಮೇಲೆ ಹೈಡ್ರೊಜನ್ ಎಂಬ ಹೆಸರಾಯಿತು. ಕನ್ನಡದವರು ಆ ಗ್ರೀಕ್ ಮೂಲವನ್ನು ಎಷ್ಟು ಚೆನ್ನಾಗಿ ಬಿಡಿಸಿ ‘ಜಲಜನಕ’ ಎಂದಿದ್ದಾರೆ! ಬಿಡಿಸುವುದೇ ತಪ್ಪೆಂದು ನಾವು ಹೇಳುತ್ತಿಲ್ಲವೆಂಬುದಕ್ಕೆ ಅದೊಂದು ಸಾಕ್ಷಿ.

ನಮ್ಮಂತೆ ಮುಗ್ಗರಿಸಿದವರು ಆ ಭಾಷೆಯನ್ನು ಹಾಲಿನೊಡನೆ ಕುಡಿದವರಲ್ಲಿಯೂ ಇರಬಹುದೆಂಬ ಭಯ ಆ ದೇಶಗಳಲ್ಲಿಯೂ ಹುಟ್ಟಿತ್ತೆಂದು ತಿಳಿದಾಗ ನಮಗೆ ಸಮಾಧಾನವಾಯಿತೋ ನಾಚಿಕೆಯಾಯಿತೋ ಹೇಳಲಾರೆವು. ಅಮೆರಿಕದಲ್ಲಿ ಅಗ್ನಿನಿವಾರಣೆಯ ಸಂಘದವರು 1920ರ ದಶಕದಲ್ಲಿಯೇ ‘ಇನ್’ ಎಂಬುದನ್ನು ಕತ್ತರಿಸಿ ‘ಫ್ಲೇಮೆಬಲ್’ ಎಂದು ಬರೆಯಿರೆಂದು ಒತ್ತಾಯಿಸತೊಡಗಿದರು. ಬ್ರಿಟನ್ನಿನ ಮಾನಕ ಸಂಸ್ಥೆಯವರು 1959ರಲ್ಲಿ ಅದೇ ಮಾರ್ಗವನ್ನು ಹಿಡಿದರು. ಹೀಗಾಗಿ ಉಪಸರ್ಗವುಳ್ಳದ್ದಕ್ಕೂ ಇಲ್ಲದ್ದಕ್ಕೂ ಒಂದೇ ಅರ್ಥ! ನಮ್ಮ ದೇಶದಲ್ಲಿ ಹಳೆಯದೇ ಉಳಿದಿದೆ. 1934ರ ಪೆಟ್ರೋಲಿಯಂ ಕಾಯಿದೆಯಲ್ಲಿಯೂ ಇದೇ ಶಬ್ದ. 1952ರಲ್ಲಿ ಆದ ಒಂದು ಕಾಯಿದೆಯ ಹೆಸರೇ ‘ಇನ್‌ಫ್ಲೇಮೆಬಲ್ ಸಬ್‌ಸ್ಟೆನ್ಸಸ್ ಆಕ್ಟ್’. ಹೆದ್ದಾರಿಯಲ್ಲಿ ಪೆಟ್ರೋಲು ಸಾಗಿಸುವ ಲಾರಿಗಳ ಬೆನ್ನ ಮೇಲೆ ‘ಹೈಲಿ ಇನ್‌ಫ್ಲೇಮೆಬಲ್’ ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆದಿರುವುದನ್ನು ವಾಚಕರೂ ನೋಡಿರಬಹುದು. ಆ ಲಾರಿಯ ಹಿಂದೆ ನಮ್ಮ ಬಸ್ಸು ನಿಂತಾಗಲೆಲ್ಲ ನಾವು ಮುಖ ತಿರುಗಿಸಿಕೊಳ್ಳುತ್ತೇವೆ. ಈಗ ಕೆಂಪು ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ ಅದರೊಳಗೆ ಜ್ವಾಲೆಯ ಚಿತ್ರವನ್ನು ಬರೆಯುವ ಪದ್ಧತಿಯೂ ಬಂದಿದೆ. ಆ ಚಿತ್ರಕ್ಕೆ ವಿಗ್ರಹವಾಕ್ಯ ಹೇಳುವ ಪಂಡಿತರು ಬೇಕಾಗುವುದಿಲ್ಲ.

ಇಲ್ಲದ ನಿಷೇಧವನ್ನು ಇದೆಯೆಂದು ಭ್ರಮಿಸಿ ತಲೆಯನ್ನು ಕತ್ತರಿಸುವುದು ನಮ್ಮ ಸಂಸ್ಕೃತಕ್ಕೂ ಹೊಸದಲ್ಲ. ಋಗ್ವೇದದಲ್ಲಿ ‘ಅಸುರ’ವೆಂಬುದು ವರುಣಾದಿಗಳಿಗೇ ಸಲ್ಲುವ ಗೌರವದ ಮಾತು. ಕಾಲಾಂತರದಲ್ಲಿ ಅದರ ಮೊದಲ ಅಕಾರವನ್ನು ನಞ್ ಎಂದು ತಿಳಿದು ‘ಸುರ’ ಎಂಬ ಹೊಸ ಶಬ್ದವನ್ನು ಮಾಡಿಕೊಂಡರೆಂದು ಭಾಷಾಶಾಸ್ತ್ರಜ್ಞರ ಮತ. ‘ವಿಧವಾ’ ಎಂಬುದರದೂ ಅದೇ ಕಥೆ. ಅದು ಲ್ಯಾಟಿನ್ನಿನಲ್ಲಿಯೂ ಇಂಗ್ಲೀಷಿನಲ್ಲಿಯೂ ಬಂಧುಗಳುಳ್ಳ ಅಖಂಡ ಶಬ್ದ. ‘ವಿ’ ಎಂಬುದನ್ನು ಉಪಸರ್ಗವೆಂದು ಬಿಡಿಸಿ, ಉಳಿದ ‘ಧವ’ನಿಗೆ ಗಂಡನ ಪಟ್ಟವನ್ನು ಕಟ್ಟಿದರು. ಪಾಠಶಾಲೆಯ ನಮ್ಮ ಗುರುಗಳು ಈ ಮಾತನ್ನು ಕೇಳಿದ್ದರೆ ನಮ್ಮ ಕಿವಿ ಹಿಂಡುತ್ತಿದ್ದರೆಂಬುದು ನಿಶ್ಚಯ.

2013ರಲ್ಲಿ ಆತನು ನಿವೃತ್ತನಾದನು. ಬೀಳ್ಕೊಡುಗೆಯ ಸಭೆ ಮುಗಿದ ಮೇಲೆ ನಾವು ಮನೆಯವರೆಗೆ ಜೊತೆಯಲ್ಲಿ ನಡೆದೆವು. ಹಾರವು ಆತನ ಆ ಕೈಯಲ್ಲಿತ್ತು. ಕೆರೆಯ ಏರಿಯ ಮೇಲೆ ನಿಲ್ಲಿಸಿ, ಅಂದು ಅಕ್ಷರ ಓದಿಸಿ ಅರ್ಥ ಹೇಳಿದವರು ನಾವು, ಅರ್ಥ ತಪ್ಪಾಗಿತ್ತು, ವಿಚಾರಣೆಯಲ್ಲಿ ಅದನ್ನು ಹೇಳಲಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆವು.

“ನನಗೆ ಗೊತ್ತು ಮೇಷ್ಟ್ರೇ,” ಎಂದರು. “ಆಸ್ಪತ್ರೆಯಲ್ಲಿ ಕಂಪೌಂಡರು ಹೇಳಿದ್ರು. ಡಬ್ಬಿ ಮೇಲೇ ಬರೆದಿರುತ್ತಲ್ಲ, ಓದೋಕೆ ಬರಲ್ವಾ ಅಂತ ಬೈದ್ರು.”

“ಮತ್ತೆ ಸಭೆಯಲ್ಲಿ ಏಕೆ ಹೇಳಲಿಲ್ಲ?”

“ನೀವು ಬಂದು ಒಂದು ವರ್ಷ ಆಗಿತ್ತು. ನಿಮ್ಮ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ನಂದು ಆಗಿತ್ತು.”

ಅಷ್ಟು ಹೇಳಿ, ಮಳೆ ಬರುವ ಹಾಗಿದೆ, ಬೇಗ ನಡೆಯಿರಿ ಎಂದರು. ವಾಚಕರು ಗಮನಿಸಿರಬಹುದು: ಅಂದಿನಿಂದ ಅವರ ವಿಷಯದಲ್ಲಿ ಏಕವಚನವು ನಮ್ಮ ಬಾಯಿಗೆ ಬರುವುದಿಲ್ಲ. ತಡೆದ ಇನ್‌ಕ್ರಿಮೆಂಟಿನ ಲೆಕ್ಕವನ್ನು ನಾವು ಎಷ್ಟೋ ಸಲ ಮನಸ್ಸಿನಲ್ಲಿ ಹಾಕಿದ್ದೆವು. ಅದನ್ನು ಕೊಡಹೋದಾಗ ಅವರು ತೆಗೆದುಕೊಳ್ಳಲಿಲ್ಲ. ಅವರ ಹೆಂಡತಿ ಮಾತ್ರ, “ಕೊಡೋದಾದರೆ ಮೊಮ್ಮಗಳಿಗೆ ಇಂಗ್ಲೀಷು ಹೇಳಿಕೊಡಿ, ಸರಿಯಾಗಿ ಹೇಳಿಕೊಡಿ” ಎಂದರು. ‘ಸರಿಯಾಗಿ’ ಎಂಬ ಮಾತನ್ನು ಒತ್ತಿ ಹೇಳಿದರು. ಆ ಹೆಣ್ಣುಮಗಳಿಗೂ ಎಲ್ಲವೂ ತಿಳಿದಿತ್ತು.

ನೆರೆಮನೆಯ ಹುಡುಗಿಯ ಪಟ್ಟಿಯಲ್ಲಿ ಈ ಶಬ್ದವು ಹದಿನಾಲ್ಕನೆಯದಾಗಿತ್ತು. ಹದಿನೈದು ಶಬ್ದಗಳಿಗೂ ನಿಘಂಟನ್ನು ತೆರೆಯಿಸಿ ಒಂದೊಂದನ್ನೂ ಆಕೆಯ ಕೈಯಿಂದಲೇ ಹುಡುಕಿಸಿದೆವು. ಒಂದೂವರೆ ಗಂಟೆ ಹಿಡಿಯಿತು. ಆಕೆಗೆ ಬೇಸರವಾಯಿತು, ಆಕೆಯ ತಾಯಿ ಎರಡು ಸಲ ಕರೆದರು. ‘ಇನ್‌ಹ್ಯಾಬಿಟೆಬಲ್’ ಎಂದರೆ ವಾಸಕ್ಕೆ ಯೋಗ್ಯವಾದುದೆಂದು ಕಂಡಾಗ ಮಾತ್ರ ಆಕೆ ಕಣ್ಣರಳಿಸಿ, “ಇದು ಮೋಸ, ಅಜ್ಜ!” ಎಂದಳು.

ಅವರು ಈಗಲೂ ಅದೇ ಊರಿನಲ್ಲಿದ್ದಾರೆ. 2020ರಲ್ಲಿ ಆ ಮಹಾರೋಗದ ದಿನಗಳಲ್ಲಿ, ಎಲ್ಲರೂ ಮನೆಯೊಳಗೆ ಕುಳಿತಿದ್ದಾಗ, ಒಂದು ಬೆಳಿಗ್ಗೆ ದೂರವಾಣಿಯಲ್ಲಿ ಕರೆದರು. ಪಂಚಾಯತಿಯವರು ಮನೆಮನೆಗೂ ಸ್ಯಾನಿಟೈಸರಿನ ಸೀಸೆಯನ್ನು ಹಂಚಿದ್ದರಂತೆ. “ಮೇಷ್ಟ್ರೇ, ಇದರ ಮೇಲೆ ಅದೇ ಕೆಂಪಕ್ಷರ ಇದೆ. ಆದರೆ ಮುಂದಿನ ಎರಡಕ್ಷರ ಇಲ್ಲ. ಎಫ್, ಎಲ್‌ನಿಂದ ಶುರುವಾಗುತ್ತೆ. ಅದು ಇದ್ದರೆ ಹತ್ತುತ್ತೆ ಅಂತ ಆಯ್ತು. ಇಲ್ಲದಿದ್ದರೆ ಹತ್ತೋದಿಲ್ಲ ಅಂತಲೋ?”

ನಾವು ಈ ಸಲ ಎದ್ದು ನಿಂತು ಉತ್ತರ ಹೇಳಿದೆವು. ಅದೂ ಹತ್ತುತ್ತದೆ, ಇದೂ ಹತ್ತುತ್ತದೆ. ಅದರಲ್ಲಿ ಶೇಕಡ 60ಕ್ಕೂ ಮೇಲ್ಪಟ್ಟು ಮದ್ಯಸಾರವಿರುತ್ತದೆ. ಕೈಗೆ ಹಚ್ಚಿಕೊಂಡರೆ ಪೂರ್ತಿ ಆರುವವರೆಗೆ ಒಲೆಯ ಬಳಿಗೂ ದೇವರ ದೀಪದ ಬಳಿಗೂ ಯಾರೂ ಹೋಗಬಾರದು ಎಂದೆವು.

“ಎರಡಕ್ಕೂ ಒಂದೇ ಅರ್ಥ ಆದಮೇಲೆ ಎರಡು ಮಾತು ಯಾಕೆ ಇಟ್ಟುಕೊಂಡಿದ್ದಾರೆ?” ಎಂದು ಕೇಳಿದರು.

ನಾವು ಉತ್ತರಕ್ಕೆ ಹುಡುಕುತ್ತಿರುವಷ್ಟರಲ್ಲಿ, ಅವರು ಮೊಮ್ಮಗಳನ್ನು ಕರೆದು, ಸೀಸೆಯನ್ನು ಅಡಿಗೆಮನೆಯಿಂದ ತೆಗೆದು ಹೊರಗಿನ ಬಚ್ಚಲಿನ ಗೂಡಿನಲ್ಲಿಡೆಂದು ಹೇಳುತ್ತಿದ್ದುದು ಕೇಳಿಸಿತು.